ಡಾಕ್ಟರ ಚೀಟಿ ಸಿಕ್ಕಿತು, ಮುಂದೆ ಯಾರು? ಮಂಗಳೂರು–ಉಡುಪಿಯಲ್ಲಿ ಆರೋಗ್ಯ ಕೋಚ್ ಆರಿಸಿಕೊಳ್ಳುವ ಬಗೆ

ಒಪಿಡಿಯಲ್ಲಿ ಡಾಕ್ಟರ ಎದುರು ಕೂರುವುದು ಹೆಚ್ಚೆಂದರೆ ಐದೋ ಹತ್ತೋ ನಿಮಿಷ. ‘ಶುಗರ್ ಇದೆ, ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ, ತಿಂಗಳು ಬಿಟ್ಟು ಬನ್ನಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅನ್ನ ಎಷ್ಟು ಸೌಟು ಕಡಿಮೆ ಮಾಡಬೇಕು, ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಎಲ್ಲಿ ನಡೆಯಬೇಕು, ಮಾತ್ರೆ ಎಲ್ಲಿ ಅಗ್ಗ, ಮುಂದಿನ ಸಲ ಜೊತೆಗೆ ಹೋಗುವವರು ಯಾರು ಎಂಬುದೆಲ್ಲ ಮನೆಗೆ ಬಂದ ಮೇಲೆ ಏಳುವ ಪ್ರಶ್ನೆಗಳು. ಅವಕ್ಕೆ ಉತ್ತರ ಹುಡುಕಿಕೊಡುವುದು, ಊರಿನಲ್ಲಿ ಇರುವ ನೆರವಿಗೂ ರೋಗಿಗೂ ಗಂಟುಹಾಕುವುದು ಹೆಲ್ತ್ ಕೋಚ್ ಕೆಲಸ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಇದಕ್ಕೆಂದೇ ‘ಲಿಂಕ್ ವರ್ಕರ್’ ಎಂಬ ಹುದ್ದೆಯಿದೆ. ನಮ್ಮಲ್ಲಿ ಹಾಗೆ ಒಂದೇ ಕುರ್ಚಿಯಿಲ್ಲ. ಕೆಲಸ ಮಾತ್ರ ಆಶಾ, ಉಪಕೇಂದ್ರದ ಆರೋಗ್ಯ ಅಧಿಕಾರಿಯಾದ ಸಿಎಚ್‌ಒ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಆರೋಗ್ಯಮಿತ್ರ, ಮೊಬೈಲ್ ಆ್ಯಪಿನ ಕೋಚ್, ಊರಿನ ಸಂಘ ಹೀಗೆ ಐದಾರು ಕಡೆ ಹಂಚಿಹೋಗಿದೆ.

ಇವರಲ್ಲಿ ಯಾರು ಒಳ್ಳೆಯವರು ಎಂದು ಕೇಳಿ ಪ್ರಯೋಜನವಿಲ್ಲ. ನಿಮ್ಮ ಮನೆಯಲ್ಲಿ ತೊಡಕು ಯಾವುದು ಎಂದು ಮೊದಲು ನೋಡಿಕೊಳ್ಳಿ. ಕೆಲವರಿಗೆ ಕಾಯಿಲೆಯ ತಿಳಿವಳಿಕೆಯೇ ಇಲ್ಲ. ಕೆಲವರಿಗೆ ತಿಳಿವಳಿಕೆ ಬೇಕಾದಷ್ಟಿದೆ, ದುಡ್ಡು ಮತ್ತು ಕಾಗದಪತ್ರದ ತೊಂದರೆ. ಇನ್ನು ಕೆಲವರಿಗೆ ಬಸ್ಸಿಳಿದು ಎರಡು ಕಿಲೋಮೀಟರ್ ಗುಡ್ಡ ಹತ್ತಬೇಕು. ಮಕ್ಕಳು ದುಬೈ, ಮುಂಬೈ, ಬೆಂಗಳೂರು ಸೇರಿ ಮನೆಯಲ್ಲಿ ಇಬ್ಬರೇ ಮುದುಕರು ಉಳಿದಿರುವ ಮನೆ ಕರಾವಳಿಯಲ್ಲಿ ಬೀದಿಗೆ ನಾಲ್ಕು ಸಿಗುತ್ತವೆ. ಅಲ್ಲಿ ಬೇಕಾದದ್ದು ಸಲಹೆಯಲ್ಲ, ಜನ. ತೊಡಕು ತಪ್ಪಾಗಿ ಗುರುತಿಸಿದರೆ ಎಂಥ ಕೋಚ್ ಬಂದರೂ ಮೂರನೆಯ ವಾರಕ್ಕೆ ಫೋನ್ ಎತ್ತುವುದನ್ನು ನಿಲ್ಲಿಸುತ್ತೀರಿ.

ಆಶಾ ಮತ್ತು ಸಿಎಚ್‌ಒ: ಹತ್ತಿರದವರು, ಖರ್ಚಿಲ್ಲದವರು

ಆಶಾ ಕಾರ್ಯಕರ್ತೆ ಸುಮಾರು 1000 ಜನಸಂಖ್ಯೆಗೆ ಒಬ್ಬರು. 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಅವರ ಬಳಿ ಒಂದು ಪ್ರಶ್ನಾವಳಿ ಇರುತ್ತದೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ನಡಿಗೆ, ಮನೆಯಲ್ಲಿ ಯಾರಿಗಾದರೂ ಬಿಪಿ–ಶುಗರ್ ಇದೆಯೇ ಎಂಬುದಕ್ಕೆಲ್ಲ ಅಂಕ ಹಾಕುತ್ತಾರೆ. ಒಟ್ಟು 4ಕ್ಕಿಂತ ಹೆಚ್ಚಾದರೆ ತಪಾಸಣೆಗೆ ಮೊದಲು ಕಳಿಸಬೇಕಾದವರ ಪಟ್ಟಿಗೆ ಹೆಸರು ಸೇರುತ್ತದೆ. ಸೊಂಟದ ಅಳತೆಯಲ್ಲಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಗೆರೆ. ಬಟ್ಟೆಯ ಮೇಲಿಂದ ಟೇಪ್ ಹಿಡಿದರೆ ಅಥವಾ ಹೊಟ್ಟೆ ಒಳಗೆಳೆದು ನಿಂತರೆ ಈ ಅಂಕವೇ ಸುಳ್ಳಾಗುತ್ತದೆ.

ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಬಿಪಿ–ಶುಗರ್ ನೋಡಿ, ಡಾಕ್ಟರು ಒಮ್ಮೆ ಬರೆದುಕೊಟ್ಟ ಮಾತ್ರೆಯನ್ನು ಮುಂದುವರಿಸಿ ಕೊಡುತ್ತಾರೆ. ಸಂಶಯ ಬಂದರೆ ಇ–ಸಂಜೀವನಿಯಲ್ಲಿ ವೀಡಿಯೊ ಮೂಲಕ ಡಾಕ್ಟರನ್ನು ಸಂಪರ್ಕಿಸಿಕೊಡುತ್ತಾರೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಮನೆಮನೆಗೆ ಹೋಗಿ ತಪಾಸಣೆ ಮಾಡುವ ಉದ್ದೇಶದ್ದು, ಅದೂ ಇದೇ ಜಾಲದ ಮೇಲೆ ನಿಂತಿದೆ.

ಇವರ ದೊಡ್ಡ ಬಲ ಬಾಯಿಯ ಭಾಷೆ. ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡ, ಮನೆಯಲ್ಲಿ ಯಾವುದು ನಡೆಯುತ್ತದೋ ಅದರಲ್ಲೇ ಮಾತು. ಯಾರ ಮನೆಯ ಸೊಸೆ ಬೆಳಿಗ್ಗೆ ಎಷ್ಟು ಗಂಟೆಗೆ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ, ಯಾವ ಮನೆಯ ಯಜಮಾನ ಸಂಜೆ ಎಲ್ಲಿ ಕೂರುತ್ತಾನೆ ಎಂಬುದು ಅವರಿಗೆ ಗೊತ್ತು. ದುರ್ಬಲ ಜಾಗವೂ ಇದೆ. ಬಾಣಂತಿ, ಲಸಿಕೆ, ಸಮೀಕ್ಷೆ, ಮಳೆಗಾಲದ ಮಲೇರಿಯಾ–ಡೆಂಗಿ ಎಲ್ಲ ಇವರ ತಲೆ ಮೇಲೆಯೇ. ಒಬ್ಬ ಶುಗರ್ ರೋಗಿಯ ಬಳಿ ಅರ್ಧ ಗಂಟೆ ಕೂತು ಮಾತಾಡಲು ಪುರುಸೊತ್ತಿಲ್ಲ. ಅಕ್ಕಪಕ್ಕದವರೇ ಆದ್ದರಿಂದ ಟಿಬಿ, ಮಾನಸಿಕ ಕಾಯಿಲೆ, ಕುಡಿತದ ವಿಷಯವನ್ನು ಅವರೆದುರು ತೆರೆದಿಡಲು ಜನ ಹಿಂಜರಿಯುವುದೂ ಉಂಟು. ಮಂಗಳೂರು ನಗರದ ಫ್ಲ್ಯಾಟುಗಳಲ್ಲಿ ಇರುವವರಿಗೆ ಆಶಾ ಸಿಗುವುದೇ ಅಪರೂಪ. ಅವರು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್ ಹಿಡಿಯಬೇಕು.

ಇವರಿಂದ ಪೂರ್ತಿ ಪ್ರಯೋಜನ ಪಡೆಯುವ ಉಪಾಯ ಒಂದಿದೆ. ‘ಏನಾದರೂ ಇದ್ದರೆ ತಿಳಿಸಿ’ ಎನ್ನಬೇಡಿ. ‘ಮುಂದಿನ ಮಂಗಳವಾರ ಮಾತ್ರೆ ಮುಗಿಯುತ್ತದೆ, ಸ್ಟಾಕ್ ಇದೆಯಾ ಕೇಳಿ ಹೇಳುತ್ತೀರಾ?’ ಎಂದು ಒಂದೇ ಕೆಲಸ, ಒಂದೇ ದಿನಾಂಕ ಕೊಡಿ. ಆಗುತ್ತದೆ.

ಆಸ್ಪತ್ರೆಯೊಳಗಿನವರು

ಇಲ್ಲಿ ಇಬ್ಬರನ್ನು ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಜನ ಒಬ್ಬರ ಕೆಲಸವನ್ನು ಇನ್ನೊಬ್ಬರಲ್ಲಿ ಕೇಳಿ ಬರಿಗೈಯಲ್ಲಿ ಬರುತ್ತಾರೆ.

ಆರೋಗ್ಯಮಿತ್ರ ಕೂರುವುದು ಯೋಜನೆಯ ಕೌಂಟರಿನಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷ ರೂ. ತನಕ ನೆರವಿದೆ. ಎಡವುವುದು ಎರಡು ಕಡೆ. ಮೊದಲನೆಯದು, ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೇರ ಹೋಗಿ ಅಡ್ಮಿಟ್ ಆಗಿ, ಆಮೇಲೆ ವೆನ್ಲಾಕಿಗೋ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಕಾಗದಕ್ಕೆ ಓಡುವವರು ದಿನಾ ಇದ್ದಾರೆ. ತುರ್ತು ಇದ್ದರೆ ರೆಫರಲ್ ಬೇಡ, ಅದನ್ನು ದಾಖಲಾಗುವಾಗಲೇ ಹೇಳಿ. ಎರಡನೆಯದು, ಈ ಯೋಜನೆ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ತಿಂಗಳ ಶುಗರ್ ಮಾತ್ರೆ, ಸ್ಟ್ರಿಪ್, ಬಸ್ ಖರ್ಚು ಇದರಲ್ಲಿ ಬರುವುದಿಲ್ಲ. ಆರೋಗ್ಯಮಿತ್ರ ಕಾಗದ ಸರಿಮಾಡಿಕೊಡುತ್ತಾರೆ. ಊಟದ ಬಗ್ಗೆ ಅವರನ್ನು ಕೇಳುವುದು ವ್ಯರ್ಥ.

ಮೆಡಿಕಲ್ ಕಾಲೇಜು ಆಸ್ಪತ್ರೆಗಳ ವೈದ್ಯಕೀಯ ಸಮಾಜ ಕಾರ್ಯಕರ್ತರು ಬೇರೆ ಬಗೆಯವರು. ರೋಗಿಯ ಮನೆ ಪರಿಸ್ಥಿತಿ ವಿಚಾರಿಸಿ, ದಾನಿಗಳ ನಿಧಿ, ಅಂಗವೈಕಲ್ಯದ ಯುಡಿಐಡಿ ಕಾರ್ಡು, ಪಿಂಚಣಿ, ಡಿಸ್ಚಾರ್ಜ್ ಆದ ಮೇಲಿನ ವ್ಯವಸ್ಥೆ ಎಲ್ಲದಕ್ಕೂ ದಾರಿ ತೋರಿಸುತ್ತಾರೆ. ಮಂಗಳೂರು, ದೇರಳಕಟ್ಟೆ, ಮಣಿಪಾಲ ಇಷ್ಟು ಹತ್ತಿರದಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜುಗಳಿರುವ ಕಡೆ ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಕಡಿಮೆ, ಆದರೂ ಇವರನ್ನು ಕೇಳಿ ಹೋಗುವ ರೋಗಿಗಳು ಬಹಳ ಇಲ್ಲ. ಬೋರ್ಡು ಎಲ್ಲೋ ಮೂಲೆಯಲ್ಲಿರುತ್ತದೆ. ವಾರ್ಡಿನ ಸಿಸ್ಟರ್ ಹತ್ತಿರ ‘ಎಂಎಸ್‌ಡಬ್ಲ್ಯೂ ಎಲ್ಲಿ ಸಿಗ್ತಾರೆ?’ ಎಂದು ಕೇಳಿದರೆ ಸಾಕು. ಕೇಳಬೇಕಾದ ಹೊತ್ತು ಡಿಸ್ಚಾರ್ಜಿಗೆ ಕನಿಷ್ಠ ಎರಡು ದಿನ ಮೊದಲು. ಬಿಲ್ ಕಟ್ಟಿ ಆಟೋ ಕರೆದ ಮೇಲೆ ಕೇಳಿದರೆ ಅವರಿಗೂ ಕೈಕಟ್ಟಿದಂತೆ. ಇದೇ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗಗಳಿಗೆ ಹಳ್ಳಿ ಕೇಂದ್ರಗಳಿವೆ. ಮಣಿಪಾಲ ಕೆಎಂಸಿಗೆ ಉಡುಪಿ ಸುತ್ತಲಿನ ಊರುಗಳಲ್ಲಿ ಹಿಂದಿನಿಂದಲೂ ಇವೆ. ನಿಮ್ಮ ಊರು ಅಂಥ ಕೇಂದ್ರದ ವ್ಯಾಪ್ತಿಯಲ್ಲಿದ್ದರೆ ಡಾಕ್ಟರು, ಆಪ್ತಸಲಹೆ ಎರಡೂ ಒಂದೇ ಸೂರಿನಡಿ ಸಿಗುತ್ತವೆ. ಕೊರತೆ ಒಂದೇ: ಆಸ್ಪತ್ರೆಯ ಗೇಟು ದಾಟಿದ ಮೇಲೆ ಅವರಾಗಿ ಫೋನ್ ಮಾಡುವುದು ಕಡಿಮೆ. ನಂಬರು ಕೇಳಿ ಇಟ್ಟುಕೊಂಡು ನೀವೇ ಮಾಡಬೇಕು.

ಆ್ಯಪಿನ ಕೋಚ್: ಯಾರಿಗೆ ಸರಿ, ಯಾರಿಗಲ್ಲ

ಕೊಟ್ಟಾರದ ಐಟಿ ಕಂಪೆನಿಯಲ್ಲೋ ಮಣಿಪಾಲದ ಕಚೇರಿಯಲ್ಲೋ ದುಡಿಯುವ, ಇಂಗ್ಲಿಷಿನಲ್ಲಿ ಚಾಟ್ ಮಾಡಬಲ್ಲ, ಗ್ಲುಕೋಮೀಟರ್ ತಾನೇ ಚುಚ್ಚಿಕೊಳ್ಳಬಲ್ಲ 40ರ ಆಸುಪಾಸಿನವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ದಿನದಿನದ ಲೆಕ್ಕ ಇಡುತ್ತಾರೆ, ತಪ್ಪಿಸಿದರೆ ಕೇಳುತ್ತಾರೆ. ತಿಳಿವಳಿಕೆಯ ತೊಡಕು ಇದ್ದವರಿಗೆ ಮಾತ್ರ ಎಂಬುದನ್ನು ಮರೆಯಬಾರದು. ಬೇರೆ ರಾಜ್ಯದಲ್ಲಿ ಕೂತ ಕೋಚಿಗೆ ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಯಾವ ಕ್ಲಿನಿಕ್ ಎಂದು ಗೊತ್ತಿರುವುದಿಲ್ಲ, ಗೊತ್ತಿರಬೇಕು ಎಂದು ಬಯಸುವುದೂ ನ್ಯಾಯವಲ್ಲ.

ಅವರ ಊಟದ ಪಟ್ಟಿ ಎಲ್ಲಿ ಕೈಕೊಡುತ್ತದೆ ನೋಡಿ. ರೊಟ್ಟಿ, ದಾಲ್, ಪನೀರ್ ಎಂದು ಬರುತ್ತದೆ. ನಮ್ಮ ಊಟ ಕುಚ್ಚಲಕ್ಕಿ ಗಂಜಿ, ಬಂಗುಡೆ ಪುಳಿಮುಂಚಿ, ನೀರುದೋಸೆ. ಕುಚ್ಚಲಕ್ಕಿ ಶುಗರಿಗೆ ಒಳ್ಳೆಯದು ಎಂದು ನಂಬಿ ಮೂರು ಬಾರಿ ಬಡಿಸಿಕೊಳ್ಳುವುದು ಇಲ್ಲಿನ ಸಾಮಾನ್ಯ ತಪ್ಪು. ಬೆಳ್ತಿಗೆ ಅಕ್ಕಿಗಿಂತ ಸ್ವಲ್ಪ ನಿಧಾನಕ್ಕೆ ಶುಗರ್ ಏರಿಸಬಹುದು, ಅಳತೆ ಮೀರಿದರೆ ಆ ಲಾಭ ಉಳಿಯುವುದಿಲ್ಲ. ಗಂಜಿಯಲ್ಲಿ ಇನ್ನೊಂದು ಮೋಸ ಉಪ್ಪಿನದು. ಬಿಪಿ ಇದ್ದವರಿಗಷ್ಟೇ ಅಲ್ಲ, ವಯಸ್ಕರೆಲ್ಲರಿಗೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚವೂ ಪೂರ್ತಿ ಅಲ್ಲ, ಅದೂ ದಿನದ ಎಲ್ಲ ಅಡುಗೆ ಸೇರಿ. ಗಂಜಿಯ ಪಕ್ಕದ ಮಿಡಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಹಪ್ಪಳ, ನೀರುಮಾವಿನಕಾಯಿ ಗೊಜ್ಜು ಇವೇ ಆ ಚಮಚವನ್ನು ಖಾಲಿಮಾಡುತ್ತವೆ. ‘ಅಡುಗೆಗೆ ಉಪ್ಪು ಕಡಿಮೆ ಹಾಕ್ತೇವೆ’ ಎಂಬ ಉತ್ತರ ಕೇಳಿ ತೃಪ್ತರಾಗುವ ಕೋಚಿಗೆ ಇದು ಕಾಣುವುದಿಲ್ಲ.

ಅದಕ್ಕಿಂತ ಅಪಾಯದ್ದು ಬೊಂಡ, ಅಂದರೆ ಎಳನೀರು. ಸುಸ್ತು ಅಂದರೆ ಬೊಂಡ ಕುಡಿಸುವುದು ನಮ್ಮಲ್ಲಿ ಉಪಚಾರದ ಮೊದಲ ಹೆಜ್ಜೆ. ಕಿಡ್ನಿ ಕೆಟ್ಟವರಿಗೆ, ಡಯಾಲಿಸಿಸ್‌ನಲ್ಲಿ ಇರುವವರಿಗೆ ಅದರಲ್ಲಿನ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ‘ಬಿಪಿಗೆ ಒಳ್ಳೆಯದು’ ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಸೋಡಿಯಂ ಜಾಗಕ್ಕೆ ಬಂದಿರುವುದು ಪೊಟ್ಯಾಸಿಯಮ್ಮೇ. ಕಿಡ್ನಿ ರಿಪೋರ್ಟು ಕೇಳದೆ ಇವೆರಡನ್ನು ಸಲಹೆ ಮಾಡುವ ಕೋಚನ್ನು, ಆ್ಯಪಿನವರಿರಲಿ ಊರಿನವರಿರಲಿ, ಅಲ್ಲಿಗೇ ಬಿಡಿ.

ಸಂಘ, ಮಂದಿರ, ಮಸೀದಿ, ಇಗರ್ಜಿ

ಊರಿನ ಸ್ತ್ರೀಶಕ್ತಿ ಗುಂಪು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘ, ಯುವಕ ಮಂಡಲ, ಭಜನಾ ಮಂದಿರ, ಜಮಾತ್, ಚರ್ಚಿನ ವಾಳೆಯ ಗುಂಪು ಇವು ಕಾಯಿಲೆಯ ಬಗ್ಗೆ ಹೇಳಿಕೊಡಲಾರವು. ಆದರೆ ಜನರನ್ನು ಒದಗಿಸುತ್ತವೆ. ವಾರಕ್ಕೊಮ್ಮೆ ಸೇರುವ ಸಂಘದಲ್ಲಿ ಮೂವರಿಗೆ ಶುಗರ್ ಇದ್ದರೆ ಜೊತೆ ನಡಿಗೆ ಶುರುವಾಗುವುದು ಸುಲಭ. ಒಬ್ಬರ ವಾಹನದಲ್ಲಿ ಇಬ್ಬರು ಆಸ್ಪತ್ರೆಗೆ ಹೋಗಿಬರಬಹುದು. ಇದನ್ನು ಹಗುರವಾಗಿ ಕಾಣಬೇಡಿ: ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರಕಾರಿ ಬಸ್ಸಿಗೆ ಮಾತ್ರ, ನಮ್ಮಲ್ಲಿ ಊರೊಳಗಿನ ಹೆಚ್ಚಿನ ರೂಟು ಖಾಸಗಿ ಬಸ್ಸುಗಳದ್ದು. ತಿಂಗಳಿಗೊಮ್ಮೆ ಸ್ಟೇಟ್‌ಬ್ಯಾಂಕ್ (ಮಂಗಳೂರಿನ ಬಸ್ ನಿಲ್ದಾಣ) ತನಕ ಹೋಗಿಬರುವ ಖರ್ಚಿಗೆ ಹೆದರಿ ಮಾತ್ರೆ ಬಿಟ್ಟ ಹೆಂಗಸರಿದ್ದಾರೆ. ಸಂಘದ ಕೊರತೆ ಗುಟ್ಟು ಉಳಿಯದಿರುವುದು, ಮತ್ತು ಕಷಾಯ–ಲೇಹ್ಯದ ಸಲಹೆಗಳು ಡಾಕ್ಟರ ಮಾತ್ರೆಯ ಜಾಗಕ್ಕೆ ಬರುವುದು.

ಕುಡಿತ ಬಿಡಿಸುವ ವಿಷಯದಲ್ಲಿ ಮಾತ್ರ ಸಂಘದವರಿಗೆ ಬಿಟ್ಟುಕೊಡಬೇಡಿ. ವರ್ಷಗಟ್ಟಲೆ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ನಡುಕ, ಭ್ರಮೆ, ಜ್ವರ ಕಾಣಿಸಿ ಜೀವಕ್ಕೇ ಕುತ್ತಾಗಬಹುದು. ಮದ್ಯವರ್ಜನ ಶಿಬಿರಕ್ಕೆ ಹೋಗುವುದಾದರೂ ಮೊದಲು ವೈದ್ಯರ ತಪಾಸಣೆ ಆಗಬೇಕು. ವೆನ್ಲಾಕ್, ಅಜ್ಜರಕಾಡು ಜಿಲ್ಲಾಸ್ಪತ್ರೆ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಇಂಥ ಕಡೆ ಮಾನಸಿಕ ವೈದ್ಯರಿದ್ದಾರೆ. ಮನೆಯವರಿಗೆ ಏನೂ ತೋಚದ ರಾತ್ರಿಗೆ ಟೆಲಿ ಮಾನಸ್ 14416; ಹಗಲು–ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ.

ಬಿಸ್ಕತ್ತಿನ ಡಬ್ಬಿ ತೆರೆಯುವವರು ಬೇಕು

ಯಾವ ಕೋಚನ್ನೇ ಆರಿಸಿ, ಅವರ ಯೋಗ್ಯತೆ ಗೊತ್ತಾಗುವುದು ಮಾತ್ರೆಯ ಡಬ್ಬಿ ತೆರೆದಾಗ. ಬಹಳ ಮನೆಗಳಲ್ಲಿ ಅದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಮೂರು ಡಾಕ್ಟರು ಬರೆದ ಸ್ಟ್ರಿಪ್ಪುಗಳು, ಅರ್ಧ ಕತ್ತರಿಸಿದವು, ಹೆಸರು ಹರಿದವು, ಸತ್ತುಹೋದ ಗಂಡನ ಹೃದಯದ ಮಾತ್ರೆ, ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ಚೀಟಿ. ಎಲ್ಲವನ್ನೂ ಚಾಪೆಯ ಮೇಲೆ ಸುರಿದು, ಬ್ರ್ಯಾಂಡಿನ ಹೆಸರು ಬಿಟ್ಟು ಅದರಡಿಯ ಸಣ್ಣ ಅಕ್ಷರದ ಔಷಧದ ಹೆಸರು ಓದಬೇಕು.

ಹೆಚ್ಚಾಗಿ ಸಿಗುವ ಎಡವಟ್ಟು ಇದು: ಖಾಸಗಿ ಡಾಕ್ಟರು ಕೊಟ್ಟದ್ದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿದ ಒಂದೇ ಮಾತ್ರೆ. ಆರೋಗ್ಯ ಕೇಂದ್ರದಲ್ಲಿ ಸಿಕ್ಕಿದ್ದು ಅವೇ ಎರಡು, ಬೇರೆಬೇರೆ ಸ್ಟ್ರಿಪ್ಪಿನಲ್ಲಿ. ಬಣ್ಣ ಬೇರೆ, ಹೆಸರು ಬೇರೆ, ಅಜ್ಜಿ ಮೂರನ್ನೂ ನುಂಗುತ್ತಾರೆ. ಬೆಳಗ್ಗಿನ ತಿಂಡಿ ಎರಡು ನೀರುದೋಸೆ. ಹನ್ನೊಂದು ಗಂಟೆಗೆ ಬೆವರು, ಕೈನಡುಕ, ಕಣ್ಣು ಮಂಜು. ಮನೆಯವರು ಬಿಪಿ ಲೋ ಎಂದು ಉಪ್ಪುನೀರು ಕೊಡುತ್ತಾರೆ. ನಿಜಕ್ಕೂ ಕುಸಿದದ್ದು ಶುಗರ್. ಆಗ ಬೇಕಾದದ್ದು ಮೂರು ಟೀ ಚಮಚ, ಸುಮಾರು 15 ಗ್ರಾಂ, ಸಕ್ಕರೆ ಕರಗಿಸಿದ ನೀರು. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ, ಆಮೇಲೆ ಊಟ. ಚಾಕೊಲೇಟು ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ 108 ಕರೆಯಬೇಕು. ಗ್ಲಿಮೆಪಿರೈಡ್ ಜಾತಿಯ ಮಾತ್ರೆಯಿಂದ ಇಳಿದ ಶುಗರ್ ಒಮ್ಮೆ ಏರಿ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು, ಆದ್ದರಿಂದ ಅಜ್ಜಿ ಎದ್ದು ಕೂತರೂ ಆ ದಿನವೇ ಡಾಕ್ಟರಿಗೆ ತೋರಿಸಬೇಕು.

ಡಬ್ಬಿ ನೋಡಿದ ಕೋಚ್ ತಾನೇ ಮಾತ್ರೆ ನಿಲ್ಲಿಸಬಾರದು. ಪಟ್ಟಿ ಬರೆದು, ಫೋಟೊ ತೆಗೆದು, ರೋಗಿಯ ಎದುರೇ ಡಾಕ್ಟರಿಗೋ ಸಿಎಚ್‌ಒಗೋ ಫೋನ್ ಹಚ್ಚಬೇಕು. ಉಪವಾಸದ ಮಾತೂ ಆಗಲೇ ಬರಬೇಕು: ಏಕಾದಶಿ, ರಂಝಾನ್ ಇವಕ್ಕೆ ಮಾತ್ರೆಯ ಹೊತ್ತು ಬದಲಿಸುವುದು ಡಾಕ್ಟರ ಕೆಲಸ, ಉಪವಾಸ ಶುರುವಾಗುವ ಕೆಲವು ವಾರ ಮೊದಲೇ ಕೇಳಿಕೊಡುವುದು ಕೋಚ್ ಕೆಲಸ. ರಾತ್ರಿಯಿಡೀ ಯಕ್ಷಗಾನದ ಆಟ, ಭೂತಕೋಲ ನೋಡುವವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿಕೊಳ್ಳಲಿ; ನಾಚಿಕೊಳ್ಳುವಂಥದ್ದು ಏನಿಲ್ಲ.

ಯಾವ ಮನೆಗೆ ಯಾರು

ಹೊಸದಾಗಿ ಶುಗರ್ ಗೊತ್ತಾದ, ಓಡಾಡಬಲ್ಲ, ಓದುಬರಹ ಬಲ್ಲ ಮಧ್ಯವಯಸ್ಕರಿಗೆ ಆಸ್ಪತ್ರೆಯ ಆಹಾರತಜ್ಞರ ಒಂದೆರಡು ಭೇಟಿ, ಜೊತೆಗೆ ಬೇಕಿದ್ದರೆ ಆ್ಯಪ್. ಮೂರು ತಿಂಗಳಿಗೊಮ್ಮೆ ಶುಗರಿನ ಸರಾಸರಿ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ. ವಾರಕ್ಕೆ 150 ನಿಮಿಷ ನಡಿಗೆ ಎಂದು ಬರೆದುಕೊಟ್ಟರೆ ಜೂನ್–ಸೆಪ್ಟೆಂಬರಿಗೆ ಬೇರೆ ಯೋಜನೆ ಕೇಳಿ: ಮನೆಯ ಜಗುಲಿ, ಶಾಲೆಯ ಜಗುಲಿ, ಮಾಲಿನ ಒಳಗೆ, ಏನಾದರೂ. ಮಳೆಗಾಲಕ್ಕೆ ಉತ್ತರವಿಲ್ಲದ ನಡಿಗೆಯ ಯೋಜನೆ ಕರಾವಳಿಯಲ್ಲಿ ಎಂಟೇ ತಿಂಗಳಿನದು.

ತಿಂಗಳ ಮಾತ್ರೆಗೇ ದುಡ್ಡು ಸಾಲದ ಮನೆಗೆ ಸಿಎಚ್‌ಒ, ಎನ್‌ಸಿಡಿ ಕ್ಲಿನಿಕ್ (ಬಿಪಿ–ಶುಗರಿನಂಥ ಕಾಯಿಲೆಗಳದ್ದು), ಜನೌಷಧಿ ಕೇಂದ್ರ. ಗೇರುಬೀಜ ಫ್ಯಾಕ್ಟರಿಯಲ್ಲೋ ಅಂಗಡಿಯಲ್ಲೋ ದುಡಿಯುವವರ ಸಂಬಳದಲ್ಲಿ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಕಡಿತ ಇದೆಯೇ ನೋಡಿ. ತಿಂಗಳಿಗೆ 21,000 ರೂ. ತನಕ ಸಂಬಳ ಇದ್ದವರಿಗೆ ಅನ್ವಯ, ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕಾರ್ಡು ಇದ್ದೂ ಬಳಸದವರು ಆಶ್ಚರ್ಯ ಹುಟ್ಟಿಸುವಷ್ಟಿದ್ದಾರೆ. ಟಿಬಿ ಇದ್ದರೆ ನಿಕ್ಷಯ್ ಪೋಷಣ್‌ನಲ್ಲಿ ತಿಂಗಳಿಗೆ 1000 ರೂ. (2024ರ ನವೆಂಬರಿನಿಂದ, ಮುಂಚೆ 500) ಖಾತೆಗೆ ಬರಬೇಕು. ಬಾರದಿದ್ದರೆ ಮೊದಲು ನೋಡಬೇಕಾದದ್ದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ.

ಪಾರ್ಶ್ವವಾಯು ಆದವರ ಮನೆಗೆ ಆ್ಯಪ್ ಬೇಡವೇ ಬೇಡ. ಮೊದಲ ಮೂರು ತಿಂಗಳಲ್ಲೇ ಹೆಚ್ಚಿನ ಚೇತರಿಕೆ, ಆ ಹೊತ್ತಿಗೆ ಮನೆಗೆ ಬರುವ ಫಿಸಿಯೊ ಮತ್ತು ಮನೆಯವರಿಗೆ ತರಬೇತಿ ಕೊಡುವ ನರ್ಸ್ ಬೇಕು. ಆಸ್ಪತ್ರೆ ಬಿಡುವ ಮುಂಚೆ ಮೂರು ಕೆಲಸ ಮನೆಯವರು ತಮ್ಮ ಕೈಯಿಂದಲೇ ಮಾಡಿ ತೋರಿಸಬೇಕು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಾಸಿಗೆಯಿಂದ ಕುರ್ಚಿಗೆ ದಾಟಿಸುವುದು, ನೇರ ಕೂರಿಸಿ ಉಣಿಸುವುದು. ನುಂಗಲು ಕಷ್ಟವಿದ್ದವರಿಗೆ ನೀರೇ ಶ್ವಾಸನಾಳಕ್ಕೆ ಬೇಗ ಹೋಗುತ್ತದೆ, ತೆಳಿಗಿಂತ ಮಂದ ಗಂಜಿ ಸುರಕ್ಷಿತ. ಕೆಮ್ಮದಿದ್ದರೆ ಸರಿ ಎಂದುಕೊಳ್ಳಬೇಡಿ. ಊಟದ ನಂತರ ಸ್ವರ ಒದ್ದೆಯಾದಂತೆ ಕೇಳಿಸಿದರೂ ಅಪಾಯ. ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಆಗಲೇ ಕಂಡು ಯುಡಿಐಡಿ ಅರ್ಜಿಯ ದಾರಿ ಕೇಳಿಟ್ಟುಕೊಳ್ಳಿ. ಶೇ. 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯಕ್ಕೆ ಹೆಚ್ಚಿನ ಸೌಲಭ್ಯಗಳು ತೆರೆಯುತ್ತವೆ.

ಮಕ್ಕಳು ಹೊರಗಿರುವ ವೃದ್ಧರಿಗೆ ದುಬಾರಿ ಪ್ಯಾಕೇಜು ಕೊಳ್ಳುವ ಮೊದಲು ಹತ್ತಿರದ ಮೆಡಿಕಲ್ ಅಂಗಡಿಯವರು, ಆಟೋದವರು, ಒಬ್ಬ ನೆರೆಯವರು, ಈ ಮೂವರ ನಂಬರು ಗೋಡೆಗೆ ಅಂಟಿಸಿ. ಆಮೇಲೆ ವಾರಕ್ಕೊಮ್ಮೆ ಬರುವ ನರ್ಸ್. ಹಿರಿಯರ ಸಹಾಯವಾಣಿ 14567. ದುಬೈಯಿಂದ ದಿನಾ ವೀಡಿಯೊ ಕಾಲ್ ಮಾಡುವ ಮಗನಿಗೆ ಕಾಣುವುದು ಅಮ್ಮನ ಮುಖ, ಅವರ ಪಾದವಲ್ಲ. ಶುಗರ್ ಇದ್ದವರ ಕಾಲ್ಬೆರಳ ಸಂದು ನೋಡಿದಿರಾ ಎಂದು ನರ್ಸನ್ನು ಕೇಳಿ, ವಿಶೇಷವಾಗಿ ಮಳೆಗಾಲದಲ್ಲಿ.

ಮೊದಲ ಭೇಟಿಯಲ್ಲಿ ತೂಗುವುದು, ಬದಲಿಸುವಾಗ ಕೊಡುವುದು

ಒಳ್ಳೆಯ ಕೋಚ್ ಮೊದಲ ಅರ್ಧ ಗಂಟೆ ಹೆಚ್ಚು ಕೇಳುತ್ತಾರೆ, ಕಡಿಮೆ ಹೇಳುತ್ತಾರೆ. ಹೋಗುವ ಮೊದಲು ‘ನಾನು ಹೇಳಿದ್ದನ್ನು ನೀವು ಮನೆಯವರಿಗೆ ಹೇಗೆ ಹೇಳ್ತೀರಿ?’ ಎಂದು ಕೇಳಿ ನಿಮ್ಮ ಬಾಯಿಂದಲೇ ಹೇಳಿಸುತ್ತಾರೆ. ಹತ್ತು ಬದಲಾವಣೆ ಹೇರದೆ ಒಂದನ್ನು ಗೊತ್ತುಮಾಡುತ್ತಾರೆ: ‘ರಾತ್ರಿಯ ಅನ್ನ ಮೂರು ಸೌಟಿನಿಂದ ಎರಡು, ಎರಡು ವಾರ’. ಎಲ್ಲಿಗಾದರೂ ಕಳಿಸುವಾಗ ನಂಬರು ಬರೆದುಕೊಟ್ಟು ಕೈತೊಳೆದುಕೊಳ್ಳದೆ ಎದುರಿಗೇ ಫೋನ್ ಮಾಡಿ ಹೆಸರು, ದಿನ, ಕೋಣೆ ನಿಗದಿಪಡಿಸುತ್ತಾರೆ, ಎರಡು ಮೂರು ದಿನದೊಳಗೆ ‘ಹೋದಿರಾ, ಏನಂದರು?’ ಎಂದು ವಿಚಾರಿಸುತ್ತಾರೆ. ಈ ಕೊನೆಯ ಕರೆಯೇ ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಳತೆ. ಚೀಟಿ ಹಿಡಿದು ಹೋದ ರೋಗಿ ಕೌಂಟರ್ ಮುಚ್ಚಿದೆ ಎಂದು ವಾಪಸ್ ಬಂದದ್ದು ಆ ಕರೆ ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಪೌಡರು, ಡಬ್ಬಿ, ‘ಮಾತ್ರೆ ಬೇಡ, ಶುಗರ್ ವಾಸಿ’ ಎಂಬ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ಒಂದು ವರ್ಷದ ದುಡ್ಡು ಮುಂಗಡ ಕೇಳಿದರೆ ತಿಂಗಳಿಗೆ ಒಪ್ಪುತ್ತಾರೆಯೇ ನೋಡಿ.

ಆರು ವಾರದಲ್ಲಿ ಗೊತ್ತುಮಾಡಿದ ಒಂದು ಕೆಲಸವೂ ಆಗದಿದ್ದರೆ ಬದಲಿಸಲು ಸಂಕೋಚ ಬೇಡ. ಹೊಸಬರಿಗೆ ಕೊಡಬೇಕಾದದ್ದು ಒಂದೇ ಹಾಳೆ: ಈಗ ತೆಗೆದುಕೊಳ್ಳುವ ಮಾತ್ರೆಗಳ ಔಷಧದ ಹೆಸರು ಮತ್ತು ಮಿಲಿಗ್ರಾಂ, ಕೊನೆಯ ಎರಡು ಎಚ್‌ಬಿಎ1ಸಿ ಮತ್ತು ಕಿಡ್ನಿಯ ಕ್ರಿಯಾಟಿನಿನ್ ವರದಿ ದಿನಾಂಕ ಸಮೇತ, ಅಲರ್ಜಿ, ಯಾವ ಯೋಜನೆಯ ಕಾರ್ಡು ಇದೆ, ಎಲ್ಲಿಗೆ ಕಳಿಸಿದ್ದರು, ಅಲ್ಲಿ ಏನಾಯಿತು. ಆ ಹಾಳೆಯ ಒಂದು ಜೆರಾಕ್ಸ್ ಮಾತ್ರೆಯ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ, 108ರವರು ಬಂದಾಗ ಹುಡುಕುವುದು ತಪ್ಪುತ್ತದೆ.